ಕುದುರೆಯ ಹೊಟ್ಟೆಹುಣ್ಣಿಗೆ ಯಾವ ಔಷಧ, ಎಷ್ಟು ದಿನ? ರಾನಿಟಿಡಿನ್ ಸುದ್ದಿ ಎಬ್ಬಿಸಿದ ಪ್ರಶ್ನೆಗಳು

2025ರ ಜುಲೈನಲ್ಲಿ ಭಾರತದ ಔಷಧ ಮಹಾನಿಯಂತ್ರಕರು ರಾಜ್ಯಗಳಿಗೆ ಒಂದು ಸೂಚನೆ ಕಳಿಸಿದರು. ಹೊಟ್ಟೆಯ ಆಸಿಡ್ ಇಳಿಸುವ ರಾನಿಟಿಡಿನ್ ಮಾತ್ರೆ ತಯಾರಿಸುವ ಕಂಪನಿಗಳು ತಮ್ಮ ಔಷಧದಲ್ಲಿ ಎನ್‌ಡಿಎಂಎ ಎಂಬ ಕಲ್ಮಶ ಎಷ್ಟಿದೆ ಎಂದು ಪರೀಕ್ಷೆ ಮಾಡುತ್ತಿರಬೇಕು, ಇದರ ಮೇಲೆ ಕಣ್ಣಿಡಿ ಎಂಬುದು ಅದರ ಸಾರ. ಕೈಯಿಂದ ಕೈಗೆ ಹೋಗುವಷ್ಟರಲ್ಲಿ ಈ ಸುದ್ದಿ ‘ಗ್ಯಾಸ್ ಮಾತ್ರೆಯಿಂದ ಕ್ಯಾನ್ಸರ್’ ಎಂದಾಯಿತು.

ಗೊಂದಲ ಮನೆಯ ಔಷಧಿ ಡಬ್ಬಿಗೆ ಮಾತ್ರ ಸೀಮಿತವಲ್ಲ. ಇದೇ ರಾನಿಟಿಡಿನ್ ಕುದುರೆ ಲಾಯಗಳಲ್ಲೂ ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಔಷಧ. ಕುದುರೆಗೆ ಹೊಟ್ಟೆಯಲ್ಲಿ ಹುಣ್ಣಾಗುವುದು ಅಪರೂಪದ ಮಾತೇನಲ್ಲ. ತರಬೇತಿಯಲ್ಲಿರುವ ರೇಸ್ ಕುದುರೆಗಳ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದ ಹಲವು ಅಧ್ಯಯನಗಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಕುದುರೆಗಳಲ್ಲಿ ಹುಣ್ಣು ಕಂಡಿದೆ. ಹಾಗಾದರೆ ಈಗ ಏನು ಕೊಡಬೇಕು? ಆಸಿಡ್ ಇಳಿಸುವ ಇನ್ನೊಂದು ಔಷಧ ಒಮೆಪ್ರಜೋಲ್ ಕೊಟ್ಟರೆ ಸಾಕಾ? ಒಬ್ಬರ ಕುದುರೆಗೆ ತಿಂಗಳಲ್ಲಿ ವಾಸಿಯಾಗಿದ್ದು ಇನ್ನೊಬ್ಬರ ಕುದುರೆಗೆ ಯಾಕೆ ಆಗಲಿಲ್ಲ? ರೋಗ ಬರುವ ಮುಂಚೆಯೇ ದಿನಾ ಕೊಡುತ್ತಾ ಹೋದರೆ ತಪ್ಪೇನು?

ಈ ಪ್ರಶ್ನೆಗಳಿಗೆ ಒಂದಕ್ಕೊಂದು ಹೊಂದದ ಉತ್ತರಗಳು ಓಡಾಡುತ್ತಿವೆ. ಅದಕ್ಕೆ ಮುಖ್ಯ ಕಾರಣ, ಎರಡು ಬೇರೆ ಕಾಯಿಲೆಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿರುವುದು. ಅದಕ್ಕೆ ಬರುವ ಮುಂಚೆ ರಾನಿಟಿಡಿನ್ ವಿಚಾರ ಮುಗಿಸೋಣ.

ಪಟ್ಟಿಯಿಂದ ತೆಗೆದದ್ದು, ನಿಷೇಧಿಸಿದ್ದು ಎರಡೂ ಒಂದಲ್ಲ

2019ರ ಸೆಪ್ಟೆಂಬರ್‌ನಲ್ಲಿ ರಾನಿಟಿಡಿನ್ ಮಾತ್ರೆಗಳಲ್ಲಿ ಎನ್‌ಡಿಎಂಎ ಇದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲು ಎಚ್ಚರಿಸಿತು. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತು ಎಂದು ವರ್ಗೀಕರಿಸಲಾಗಿದೆ. ಸಮಸ್ಯೆ ಒಂದು ಕಾರ್ಖಾನೆಯ ಕೊಳಕಿನದಾಗಿರಲಿಲ್ಲ. ರಾನಿಟಿಡಿನ್ ಅಣುವೇ ನಿಧಾನವಾಗಿ ಒಡೆದು ಎನ್‌ಡಿಎಂಎ ಆಗುತ್ತದೆ. ಹೆಚ್ಚು ದಿನ ಇಟ್ಟಷ್ಟೂ, ಬಿಸಿ ತಗುಲಿದಷ್ಟೂ ಅದರ ಪ್ರಮಾಣ ಏರುತ್ತದೆ. 2020ರ ಏಪ್ರಿಲ್‌ನಲ್ಲಿ ಅಮೆರಿಕ ಎಲ್ಲ ರಾನಿಟಿಡಿನ್ ಉತ್ಪನ್ನಗಳನ್ನು ಮಾರುಕಟ್ಟೆಯಿಂದ ತೆಗೆಯುವಂತೆ ಕೇಳಿತು. ಅದೇ ತಿಂಗಳ ಕೊನೆಗೆ ಯುರೋಪಿನ ಔಷಧ ಸಂಸ್ಥೆಯೂ ಮಾರಾಟ ತಡೆಹಿಡಿಯಲು ಶಿಫಾರಸು ಮಾಡಿತು.

ಭಾರತ ಬೇರೆ ದಾರಿ ಹಿಡಿಯಿತು. 2022ರ ಸೆಪ್ಟೆಂಬರ್‌ನಲ್ಲಿ ರಾನಿಟಿಡಿನ್ ಅನ್ನು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಿಂದ ಕೈಬಿಡಲಾಯಿತು. ಆಗಲೂ ‘ನಿಷೇಧ’ ಎಂದೇ ಹಲವರು ಓದಿಕೊಂಡರು. ಆದರೆ ಆ ಪಟ್ಟಿ ಇರುವುದು ಯಾವ ಔಷಧ ಎಲ್ಲ ಕಡೆ ಸಿಗಬೇಕು, ಯಾವುದರ ಬೆಲೆಗೆ ಮಿತಿ ಹಾಕಬೇಕು ಎಂದು ತೀರ್ಮಾನಿಸಲು. ಪಟ್ಟಿಯಿಂದ ಹೊರಬಿದ್ದ ಔಷಧವನ್ನು ತಯಾರಿಸಬಹುದು, ಮಾರಬಹುದು. 2025ರ ಸೂಚನೆಯೂ ಕಲ್ಮಶ ಅಳೆಯಿರಿ ಎನ್ನುತ್ತದೆ, ಮಾರಬೇಡಿ ಎನ್ನುವುದಿಲ್ಲ.

ಕುದುರೆಗಳ ವಿಚಾರದಲ್ಲಿ ಇದಕ್ಕೆ ಎರಡು ಪರಿಣಾಮಗಳಿವೆ. ಮೊದಲನೆಯದು ಪ್ರಮಾಣದ್ದು. ಕುದುರೆಗೆ ಬಾಯಿಯ ಮೂಲಕ ಕೊಡುವ ರಾನಿಟಿಡಿನ್ ಡೋಸ್ ಪ್ರತಿ ಕಿಲೋ ತೂಕಕ್ಕೆ 6.6 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ. 450 ಕಿಲೋ ಕುದುರೆಗೆ ಒಂದು ಹೊತ್ತಿಗೆ ಸುಮಾರು ಮೂರು ಗ್ರಾಂ. ಅಂದರೆ ಮೆಡಿಕಲ್ ಶಾಪಿನ 150 ಮಿಲಿಗ್ರಾಂ ಮಾತ್ರೆ 20. ದಿನಕ್ಕೆ 60. ಇಷ್ಟು ಖರ್ಚಾಗುವ ಕಡೆ ಡಬ್ಬಿಗಟ್ಟಲೆ ತಂದಿಡುವುದು ಸಹಜ. ಆ ಡಬ್ಬಿಗಳು ಬೇಸಿಗೆಯಲ್ಲಿ ಶೀಟ್ ಹೊದಿಸಿದ ಕೋಣೆಯಲ್ಲಿ ಕೂತರೆ ಎನ್‌ಡಿಎಂಎ ಹೆಚ್ಚಲು ಬೇಕಾದ ಎರಡೂ ಸಿಕ್ಕಂತಾಯಿತು, ಬಿಸಿ ಮತ್ತು ಸಮಯ.

ಎರಡನೆಯದು ಇದಕ್ಕಿಂತ ಮುಖ್ಯ. ಎನ್‌ಡಿಎಂಎ ಇಲ್ಲದಿದ್ದರೂ ರಾನಿಟಿಡಿನ್ ಕುದುರೆಯ ಹುಣ್ಣಿಗೆ ಅಷ್ಟೇನೂ ಒಳ್ಳೆಯ ಔಷಧವಲ್ಲ. ಆಸಿಡ್ ಹುಟ್ಟಿಸುವ ಜೀವಕೋಶಕ್ಕೆ ಬರುವ ಮೂರು ಸಂದೇಶಗಳಲ್ಲಿ ಅದು ಒಂದನ್ನು, ಹಿಸ್ಟಮಿನ್‌ದನ್ನು ಮಾತ್ರ ತಡೆಯುತ್ತದೆ. ಬಾಯಿಯಲ್ಲಿ ಕೊಟ್ಟದ್ದರಲ್ಲಿ ರಕ್ತಕ್ಕೆ ಸೇರುವುದು ಕಾಲು ಭಾಗದಷ್ಟು. ಕೆಲವೇ ಗಂಟೆಗಳಲ್ಲಿ ಪರಿಣಾಮ ಇಳಿಯುತ್ತದೆ. ರಾತ್ರಿಯ ಡೋಸ್ ತಪ್ಪಿತೋ, ಬೆಳಗಿನವರೆಗೆ ಹೊಟ್ಟೆ ಮೊದಲಿನ ಸ್ಥಿತಿಯಲ್ಲೇ. ಓಡುತ್ತಿರುವ ರೇಸ್ ಕುದುರೆಗಳಲ್ಲಿ ಎರಡನ್ನೂ ಹೋಲಿಸಿದಾಗ ಒಮೆಪ್ರಜೋಲ್ ಮೇಲುಗೈ ಪಡೆದಿದೆ. ಹಾಗಾಗಿ ರಾನಿಟಿಡಿನ್ ಹೋದರೆ ಕುದುರೆಗಳಿಗೆ ನಷ್ಟ ಎಂದು ಕೊರಗಬೇಕಿಲ್ಲ. ಅದರ ಜಾಗಕ್ಕೆ ಬರುವುದನ್ನು ಹೇಗೆ ಕೊಡುತ್ತೇವೆ ಎಂಬುದೇ ನಿಜವಾದ ಪ್ರಶ್ನೆ.

ಕುದುರೆಗೇ ಯಾಕೆ ಇಷ್ಟು ಹುಣ್ಣು?

ನಮ್ಮ ಹೊಟ್ಟೆ ಊಟದ ಸಮಯ ನೋಡಿಕೊಂಡು ಆಸಿಡ್ ಜಾಸ್ತಿ ಮಾಡುತ್ತದೆ. ಕುದುರೆಯದು ಹಾಗಲ್ಲ. ದಿನದ 24 ಗಂಟೆಯೂ, ತಿಂದರೂ ತಿನ್ನದಿದ್ದರೂ, ಅಲ್ಲಿ ಆಸಿಡ್ ಬರುತ್ತಲೇ ಇರುತ್ತದೆ. ದಿನಕ್ಕೆ 30 ಲೀಟರ್ ದಾಟುವಷ್ಟು ಜಠರರಸ. ಇದು ಅದರ ದೋಷವಲ್ಲ. ಹಗಲೂ ರಾತ್ರಿ ಸ್ವಲ್ಪ ಸ್ವಲ್ಪವೇ ಹುಲ್ಲು ಮೇಯುವ ಪ್ರಾಣಿಗೆ ಹಾಗೇ ಇರಬೇಕು. ಮೇಯುವಾಗ ಜೊಲ್ಲು ಸುರಿಯುತ್ತದೆ, ಜೊಲ್ಲಿನಲ್ಲಿರುವ ಬೈಕಾರ್ಬೊನೇಟ್ ಆಸಿಡ್ ಅನ್ನು ಸಮ ಮಾಡುತ್ತದೆ. ಆದರೆ ಕುದುರೆಗೆ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಅಗಿಯುವುದು ನಿಂತರೆ ಜೊಲ್ಲು ನಿಂತಿತು, ಆಸಿಡ್ ಮಾತ್ರ ನಿಲ್ಲಲಿಲ್ಲ.

ಈಗ ಇದೇ ಪ್ರಾಣಿಯನ್ನು ಲಾಯದಲ್ಲಿ ಕಟ್ಟಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕಾಳು ಹಾಕಿ, ನಡುವೆ ಖಾಲಿ ನಿಲ್ಲಿಸಿದರೆ ಏನಾಗುತ್ತದೆ? ಊಹಿಸುವುದು ಕಷ್ಟವಲ್ಲ.

ಹೊಟ್ಟೆಯ ರಚನೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಕುದುರೆಯ ಜಠರದ ಮೇಲಿನ ಮೂರನೇ ಒಂದು ಭಾಗದ ಒಳಪದರ ನಮ್ಮ ಅನ್ನನಾಳದ ಒಳಪದರದ ಜಾತಿಯದ್ದು. ಅದಕ್ಕೆ ಆಸಿಡ್ ತಡೆಯುವ ಲೋಳೆಯ ಹೊದಿಕೆ ಇಲ್ಲ. ಕೆಳಗಿನ ಭಾಗ ಗ್ರಂಥಿಗಳಿರುವ ಪದರ. ಆಸಿಡ್ ಹುಟ್ಟುವುದು ಅಲ್ಲೇ, ಅದನ್ನು ತಡೆಯುವ ಲೋಳೆಯೂ ಅಲ್ಲೇ ಇದೆ. ಎರಡರ ನಡುವೆ ಎದ್ದು ಕಾಣುವ ಒಂದು ಗಡಿರೇಖೆ ಇದೆ. ನಿಂತಿರುವಾಗ ಆಸಿಡ್ ಕೆಳಗಿರುತ್ತದೆ. ಕುದುರೆ ಜೋರಾಗಿ ಓಡಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ, ಜಠರ ಕುಗ್ಗಿ, ಆಸಿಡ್ ಗಡಿ ದಾಟಿ ಮೇಲಿನ ಪದರಕ್ಕೆ ಚಿಮ್ಮುತ್ತದೆ. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ ಚಿಮ್ಮುವುದನ್ನು ತಡೆಯಲು ಅಲ್ಲಿ ಏನೂ ಇರುವುದಿಲ್ಲ. ಹೊಟ್ಟೆಯಲ್ಲಿ ಹುಲ್ಲು ಇದ್ದರೆ ಅದು ಹಾಲಿನ ಮೇಲಿನ ಕೆನೆಯ ಹಾಗೆ ಹರಡಿಕೊಂಡು ಕೆಳಗಿನ ಆಸಿಡ್ ಅನ್ನು ಹಿಡಿದಿಡುತ್ತದೆ.

ಮನುಷ್ಯರ ಹುಣ್ಣಿನ ಕತೆ ಬೇರೆ. ಅದರ ಹಿಂದೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇದೆ ಎಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಆಂಟಿಬಯೋಟಿಕ್ ಕೋರ್ಸ್ ಮುಗಿಸಿದರೆ ಹುಣ್ಣು ಮರಳಿ ಬರುವುದು ಬಹಳ ಕಡಿಮೆ. ಕುದುರೆಯ ಹುಣ್ಣಿಗೆ ಅಂಥ ಬ್ಯಾಕ್ಟೀರಿಯಾ ಕಾರಣ ಎಂದು ಸಾಬೀತಾಗಿಲ್ಲ. ಆದ್ದರಿಂದ ಸುಮ್ನೆ ಆಂಟಿಬಯೋಟಿಕ್ ಹಾಕುವುದರಲ್ಲಿ ಅರ್ಥವಿಲ್ಲ. ಕಾರಣವನ್ನೇ ಕಿತ್ತೊಗೆಯುವ ಒಂದು ವಾರದ ಕೋರ್ಸ್ ಕುದುರೆಗೆ ಇಲ್ಲ.

ಒಂದು ಹೆಸರು, ಎರಡು ಕಾಯಿಲೆ

ಬಹಳ ಕಾಲ ಇವೆಲ್ಲವನ್ನೂ ಒಟ್ಟಾಗಿ ‘ಕುದುರೆಯ ಜಠರ ಹುಣ್ಣು’ ಎನ್ನಲಾಗುತ್ತಿತ್ತು. 2015ರಲ್ಲಿ ಯುರೋಪಿನ ಕುದುರೆ ತಜ್ಞವೈದ್ಯರ ಸಂಘಟನೆಯೊಂದು ಒಮ್ಮತದ ಹೇಳಿಕೆ ಹೊರಡಿಸಿ, ಮೇಲಿನ ಪದರದ ಕಾಯಿಲೆಯನ್ನೂ ಕೆಳಗಿನ ಗ್ರಂಥಿಪದರದ ಕಾಯಿಲೆಯನ್ನೂ ಬೇರೆ ಬೇರೆ ಹೆಸರಿನಿಂದಲೇ ಕರೆಯಬೇಕು ಎಂದಿತು. ಓದಲು ಕಾಗದದ ಕೆಲಸದಂತೆ ಕಾಣುತ್ತದೆ. ಆದರೆ ಈಗಿನ ಗೊಂದಲದ ಬಹುಪಾಲು ಇಲ್ಲಿಯೇ ಬಿಡಿಸಿಕೊಳ್ಳುತ್ತದೆ.

ಮೇಲಿನ ಹುಣ್ಣಿಗೆ ಕಾರಣ ನೇರ: ಆಸಿಡ್ ತಗುಲಬಾರದ ಜಾಗಕ್ಕೆ ಆಸಿಡ್ ತಗುಲುತ್ತಿದೆ. ಆಸಿಡ್ ಕಡಿಮೆ ಮಾಡಿದರೆ ವಾಸಿಯಾಗುತ್ತದೆ. ಕೆಳಗಿನ ಪದರ ಹುಟ್ಟಿನಿಂದಲೇ ಆಸಿಡ್‌ನಲ್ಲಿ ಮುಳುಗಿರುವಂಥದ್ದು. ಅಲ್ಲಿ ಹುಣ್ಣಾಗಿದೆ ಎಂದರೆ ಕಾಪಾಡುವ ಲೋಳೆ, ರಕ್ತಸಂಚಾರ ಇವುಗಳಲ್ಲಿ ಏನೋ ಕೆಟ್ಟಿದೆ. ನೋವಿನ ಔಷಧ, ಒತ್ತಡ, ವಾರವಿಡೀ ಬಿಡುವಿಲ್ಲದ ಕೆಲಸ ಇವುಗಳ ಮೇಲೆ ಅನುಮಾನವಿದೆ. ಆಸಿಡ್ ಕಡಿಮೆ ಮಾಡಿದರೆ ಸ್ವಲ್ಪ ಸಹಾಯವಾಗುತ್ತದೆ, ಅಷ್ಟೇ.

ಅಂಕಿಗಳೂ ಇದನ್ನೇ ಹೇಳುತ್ತವೆ. ಒಮೆಪ್ರಜೋಲ್ ಅನ್ನು ನಾಲ್ಕು ವಾರ ಬಾಯಿಯ ಮೂಲಕ ಕೊಟ್ಟಾಗ ಮೇಲಿನ ಹುಣ್ಣುಗಳಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಪಾಲು ಮಾಯುತ್ತವೆ. ಕೆಳಗಿನವುಗಳಲ್ಲಿ ಮಾಯುವುದು ಕಾಲು ಪಾಲು. ‘ಈ ಔಷಧ ಅದ್ಭುತ’ ಎನ್ನುವವರೂ ‘ದುಡ್ಡು ದಂಡ’ ಎನ್ನುವವರೂ ತಮ್ಮ ಕುದುರೆಯ ಮಟ್ಟಿಗೆ ನಿಜವನ್ನೇ ಹೇಳುತ್ತಿರಬಹುದು.

ಯಾವ ಹುಣ್ಣು ಎಂದು ಹೊರಗಿನಿಂದ ನೋಡಿ ಹೇಳಲಾಗದು. ಕಾಳು ಬಿಟ್ಟು ಬರೀ ಹುಲ್ಲು ತಿನ್ನುವುದು, ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಾಡಿ ಕಚ್ಚಲು ಬರುವುದು, ಕೂದಲು ಹೊಳಪು ಕಳೆದುಕೊಳ್ಳುವುದು, ಓಟದಲ್ಲಿ ಹಿಂದೆ ಬೀಳುವುದು, ಆಗಾಗ ಸಣ್ಣಗೆ ಹೊಟ್ಟೆಶೂಲೆ: ಇವೆಲ್ಲ ಲಕ್ಷಣಗಳೇ. ಬೇರೆ ಹತ್ತು ಕಾರಣಕ್ಕೂ ಇವು ಬರಬಹುದು. ಏನೂ ತೋರಿಸದ ಕುದುರೆಯ ಹೊಟ್ಟೆಯಲ್ಲೂ ದೊಡ್ಡ ಹುಣ್ಣು ಇರಬಹುದು. ಖಚಿತ ಮಾಡಿಕೊಳ್ಳಲು ಇರುವುದು ಎಂಡೋಸ್ಕೋಪಿ ಒಂದೇ. ಅದಕ್ಕೆ ಸುಮಾರು ಮೂರು ಮೀಟರ್ ಉದ್ದದ ಕೊಳವೆ ಬೇಕು. ಮನುಷ್ಯರಿಗೆ ಬಳಸುವುದು ಕುದುರೆಯ ಜಠರದವರೆಗೆ ಮುಟ್ಟುವುದಿಲ್ಲ. ಮುಂಚಿನ ರಾತ್ರಿಯಿಂದ ಮೇವು ನಿಲ್ಲಿಸಿರಬೇಕು. ಇಲ್ಲದಿದ್ದರೆ ಕ್ಯಾಮೆರಾಕ್ಕೆ ಹುಲ್ಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಇಂಥ ಉಪಕರಣ ಎಲ್ಲ ಊರಿನ ಪಶು ಆಸ್ಪತ್ರೆಯಲ್ಲಿ ಇರುವಂಥದ್ದಲ್ಲ, ನಿಜ. ಹಾಗಾಗಿಯೇ ಅಂದಾಜಿನ ಮೇಲೆ ಔಷಧ ಶುರುಮಾಡುವ ರೂಢಿ ಬೆಳೆದಿದೆ.

ತೊಂಬತ್ತು ಕ್ಯಾಪ್ಸೂಲ್ ಮತ್ತು ಒಂದು ಪೇಸ್ಟ್

ಒಮೆಪ್ರಜೋಲ್ ಸಂದೇಶಗಳ ತಂಟೆಗೆ ಹೋಗುವುದಿಲ್ಲ. ಆಸಿಡ್ ಹೊರಹಾಕುವ ಕೊನೆಯ ಪಂಪ್‌ಗೇ ಅಂಟಿಕೊಂಡು ಅದನ್ನು ಬಂದ್ ಮಾಡುತ್ತದೆ. ಆ ಪಂಪ್ ಮತ್ತೆ ತೆರೆಯುವುದಿಲ್ಲ, ದೇಹ ಹೊಸದನ್ನು ಮಾಡಿಕೊಳ್ಳಬೇಕು. ಆದ್ದರಿಂದ ದಿನಕ್ಕೆ ಒಂದೇ ಡೋಸ್ ಸಾಕು. ಪೂರ್ತಿ ಪರಿಣಾಮ ಕಾಣಲು ಮಾತ್ರ ಕೆಲವು ದಿನ ಹಿಡಿಯುತ್ತದೆ.

ಕುದುರೆಗೆಂದೇ ತಯಾರಾದ ಒಮೆಪ್ರಜೋಲ್ ಪೇಸ್ಟ್‌ಗೆ ಅಮೆರಿಕದಲ್ಲಿ 1999ರಲ್ಲಿ ಒಪ್ಪಿಗೆ ಸಿಕ್ಕಿತು. ಗ್ಯಾಸ್ಟ್ರೊಗಾರ್ಡ್ ಅದರ ಹೆಸರು. ಅದರ ಲೇಬಲ್ ಪ್ರಕಾರ ಚಿಕಿತ್ಸೆಗೆ ಕಿಲೋಗೆ 4 ಮಿಲಿಗ್ರಾಂನಂತೆ ನಾಲ್ಕು ವಾರ. ಮರುಕಳಿಸದಿರಲು ಮುಂದಿನ ನಾಲ್ಕು ವಾರ 2 ಮಿಲಿಗ್ರಾಂ. ತಡೆಗೆಂದು ಮಾರುವ ಅಲ್ಸರ್‌ಗಾರ್ಡ್‌ನ ಡೋಸ್ 1 ಮಿಲಿಗ್ರಾಂ.

ಈಗ ಲೆಕ್ಕ ಹಾಕಿ. 450 ಕಿಲೋ ಕುದುರೆಗೆ ಚಿಕಿತ್ಸೆಯ ಡೋಸ್ 1,800 ಮಿಲಿಗ್ರಾಂ. ಮನುಷ್ಯರ ಕ್ಯಾಪ್ಸೂಲ್ 20 ಮಿಲಿಗ್ರಾಂನದು. ಅಂದರೆ ದಿನಕ್ಕೆ 90. ಅದೇ ಔಷಧ, ಅಗ್ಗವಾಗಿ ಸಿಗುತ್ತದೆ, ಬಿಡಿಸಿ ಹುರುಳಿಯಲ್ಲಿ ಕಲಸಿ ಕೊಟ್ಟರಾಯಿತು ಅಲ್ವಾ?

ತೊಡಕಿರುವುದು ಇಲ್ಲೇ. ಆಸಿಡ್ ನಿಲ್ಲಿಸುವ ಈ ಔಷಧ ಆಸಿಡ್‌ನಲ್ಲಿ ಬದುಕುವುದಿಲ್ಲ. ಜಠರದಲ್ಲಿರುವಂಥ ಹುಳಿಯಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಅರ್ಧಕ್ಕರ್ಧ ಹಾಳಾಗುತ್ತದೆ. ಅದು ಕೆಲಸ ಮಾಡಬೇಕಾದರೆ ಜಠರವನ್ನು ಹಾಗೇ ದಾಟಿ, ಸಣ್ಣ ಕರುಳಿನಲ್ಲಿ ಹೀರಲ್ಪಟ್ಟು, ರಕ್ತದ ಮೂಲಕ ತಿರುಗಿ ಜಠರದ ಗೋಡೆಗೆ ಬರಬೇಕು. ದಾರಿಯಲ್ಲಿ ಕಾಪಾಡಲು ಎರಡು ಉಪಾಯಗಳಿವೆ. ಒಂದು, ಪೇಸ್ಟ್‌ನಲ್ಲಿ ಆಸಿಡ್ ಅನ್ನು ಸಮ ಮಾಡುವ ಕ್ಷಾರ ಬೆರೆಸುವುದು. ಇನ್ನೊಂದು, ಕ್ಯಾಪ್ಸೂಲ್‌ನೊಳಗಿನ ಸಣ್ಣ ಸಣ್ಣ ಗುಳಿಗೆಗಳಿಗೆ ಕರುಳಿನಲ್ಲಿ ಮಾತ್ರ ಕರಗುವ ಲೇಪ ಕೊಡುವುದು. ಕುಟ್ಟಿ ಪುಡಿ ಮಾಡಿದರೆ ಲೇಪ ಹೋಯಿತು. ಕಾಳಿನ ಜೊತೆ ಕುದುರೆಯ ದವಡೆಗೆ ಸಿಕ್ಕರೂ ಒಂದಷ್ಟು ಗುಳಿಗೆ ಒಡೆದವು. ನೀರಿನಲ್ಲಿ ಕಲಸಿ ರಾತ್ರಿಯಿಡೀ ಇಟ್ಟರೆ ಲೇಪವೇ ಮೆತ್ತಗಾಗುತ್ತದೆ. ಕೊಟ್ಟವರ ಲೆಕ್ಕದಲ್ಲಿ 90, ಕುದುರೆಯ ರಕ್ತದ ಲೆಕ್ಕದಲ್ಲಿ ಎಷ್ಟೋ!

ಅಂಗಡಿಯಲ್ಲೋ ಆನ್‌ಲೈನಲ್ಲೋ ಸಿಗುವ, ಔಷಧ ನಿಯಂತ್ರಕರ ಒಪ್ಪಿಗೆ ಇಲ್ಲದ ಒಮೆಪ್ರಜೋಲ್ ದ್ರಾವಣಗಳ ಕತೆಯೂ ಇದೇ. ಅಮೆರಿಕದಲ್ಲಿ ಅಂಗಡಿಯಲ್ಲೇ ಬೆರೆಸಿ ಕೊಡುವ ದ್ರಾವಣವನ್ನು ಒಪ್ಪಿತ ಪೇಸ್ಟ್ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ದ್ರಾವಣ ಹಿಂದೆ ಬಿತ್ತು. ಇಂಥ ಉತ್ಪನ್ನ ಮಾರುವ ಕಂಪನಿಗಳಿಗೆ ಎಫ್‌ಡಿಎ ಎಚ್ಚರಿಕೆ ಪತ್ರಗಳನ್ನೂ ಕಳಿಸಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಲೇಪವಿರುವ ಒಮೆಪ್ರಜೋಲ್ ಕೆಟ್ಟದ್ದು ಎಂದಲ್ಲ. ಕುದುರೆಗೆಂದೇ ತಯಾರಾದ, ಲೇಪವಿರುವ ಗುಳಿಗೆಗಳು ಆಸ್ಟ್ರೇಲಿಯಾ, ಯುರೋಪಿನಲ್ಲಿವೆ. ಅವನ್ನು ಸರಿಯಾದ ಸಮಯದಲ್ಲಿ ಕೊಟ್ಟರೆ 4 ಮಿಲಿಗ್ರಾಂ ಬೇಕಿಲ್ಲ, 1ರಿಂದ 2 ಮಿಲಿಗ್ರಾಂ ಸಾಕು ಎಂದು ಹಲವು ತಜ್ಞರು ಈಗ ವಾದಿಸುತ್ತಾರೆ. ಹಳೆಯ ಪಕ್ಷ ಲೇಬಲ್‌ನಲ್ಲಿ ಇರುವಷ್ಟು ಕೊಡಿ ಎನ್ನುತ್ತದೆ. ಈ ಎರಡರ ನಡುವೆ ಎಲ್ಲರೂ ಒಪ್ಪುವ ಒಂದು ವಿಷಯವಿದೆ, ಅದು ಸಮಯ. ಹೊಟ್ಟೆ ತುಂಬಾ ಹುಲ್ಲು ಇದ್ದಾಗ ಕೊಟ್ಟ ಒಮೆಪ್ರಜೋಲ್ ಸರಿಯಾಗಿ ಹೀರಲ್ಪಡುವುದಿಲ್ಲ. ರಾತ್ರಿಯ ಮೇವು ಮುಗಿದ ಮೇಲೆ, ಬೆಳಗಿನ ಮೇವಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಕೊಡಬೇಕು. ಪಂಪ್‌ಗಳು ಚುರುಕಾಗಿರುವಾಗಲೇ ಔಷಧ ಅಂಟಿಕೊಳ್ಳುವುದರಿಂದ, ಅದಾದ ಮೇಲೆ ಮೇವು ಹಾಕಲೇಬೇಕು. ದುಬಾರಿ ಪೇಸ್ಟ್ ತಂದು ಸಂಜೆಯ ಕಾಳಿನ ಜೊತೆ ಬಾಯಿಗೆ ಹಾಕಿದರೆ ದುಡ್ಡಿನ ಒಂದು ಭಾಗ ಲದ್ದಿಯಲ್ಲಿ ಹೋದಂತೆ.

ಒಮೆಪ್ರಜೋಲ್ ಜಾತಿಯದೇ ಆದ ಪ್ಯಾಂಟೊಪ್ರಜೋಲ್ ಇಂಜೆಕ್ಷನ್ ಕೊಡಬಹುದಲ್ಲ ಎಂಬ ಪ್ರಶ್ನೆಯೂ ಬರುತ್ತದೆ. ಮರಿಗಳಲ್ಲಿ ಕಿಲೋಗೆ 1.5 ಮಿಲಿಗ್ರಾಂ ಕೊಟ್ಟು ನೋಡಿದ್ದಾರೆ, ಆಸಿಡ್ ಇಳಿಯುತ್ತದೆ. 50 ಕಿಲೋ ಮರಿಗೆ 40 ಮಿಲಿಗ್ರಾಂನ ಎರಡು ವಯಲ್ ಸಾಕು. ದೊಡ್ಡ ಕುದುರೆಗೆ ಅದೇ ಲೆಕ್ಕದಲ್ಲಿ 17 ವಯಲ್ ಬೇಕು, ಅದೂ ಪ್ರತಿದಿನ ರಕ್ತನಾಳಕ್ಕೆ. ತಿಂಗಳ ಚಿಕಿತ್ಸೆಗೆ ಇದು ಆಗದ ಮಾತು.

ಕೆಳಗಿನ ಹುಣ್ಣಿಗೆ ಬೇರೆ ದಾರಿ

ಗ್ರಂಥಿಪದರದ ಹುಣ್ಣಿಗೆ ಒಮೆಪ್ರಜೋಲ್ ಜೊತೆ ಸುಕ್ರಾಲ್ಫೇಟ್ ಸೇರಿಸುವುದು ಮೊದಲ ಹೆಜ್ಜೆ. ಕಿಲೋಗೆ 12 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಅದು ಹುಣ್ಣಿನ ಮೇಲೆ ಅಂಟಿಕೊಂಡು ಹೊದಿಕೆಯಾಗುತ್ತದೆ. ಬರೀ ಒಮೆಪ್ರಜೋಲ್‌ಗಿಂತ ಈ ಜೋಡಿಯ ಫಲಿತಾಂಶ ಮೇಲು. ಸುಕ್ರಾಲ್ಫೇಟ್ ಬೇರೆ ಔಷಧ ಹೀರಲ್ಪಡುವುದಕ್ಕೆ ಅಡ್ಡ ಬರುವುದರಿಂದ ಒಮೆಪ್ರಜೋಲ್ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ಕೊಡಬೇಕು.

ಇನ್ನೊಂದು ಮಿಸೊಪ್ರೊಸ್ಟಾಲ್. ಇದು ಆಸಿಡ್ ಇಳಿಸುವುದರ ಜೊತೆಗೆ ಲೋಳೆ ಮತ್ತು ರಕ್ತಸಂಚಾರವನ್ನೂ ಹೆಚ್ಚಿಸುತ್ತದೆ, ಅಂದರೆ ಕೆಟ್ಟಿರುವ ಜಾಗಕ್ಕೇ ಕೈ ಹಾಕುತ್ತದೆ. 2019ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಇದು ಒಮೆಪ್ರಜೋಲ್-ಸುಕ್ರಾಲ್ಫೇಟ್ ಜೋಡಿಗಿಂತ ಸ್ಪಷ್ಟವಾಗಿ ಮುಂದಿತ್ತು. ಆದರೆ ಇದೇ ಔಷಧವನ್ನು ಮನುಷ್ಯರಲ್ಲಿ ಗರ್ಭಪಾತಕ್ಕೂ ಬಳಸುತ್ತಾರೆ. ಗಬ್ಬದ ಕುದುರೆಗೆ ಕೊಡುವಂತಿಲ್ಲ. ಗರ್ಭಿಣಿಯರು ಮಾತ್ರೆಯನ್ನು ಮುಟ್ಟಲೇಬಾರದು, ಪುಡಿ ಮಾಡುವವರು ಗ್ಲೌಸ್ ಹಾಕಬೇಕು. ಲಾಯದಲ್ಲಿ ಕೆಲಸ ಮಾಡುವ ಸೈಸ್‌ಗೆ ಈ ಮಾತನ್ನು ಬಿಡಿಸಿ ಹೇಳದೆ ಡಬ್ಬಿ ಕೈಗೆ ಕೊಡುವುದು ದೊಡ್ಡ ತಪ್ಪು.

ವಾರಕ್ಕೊಮ್ಮೆ ಮಾಂಸಖಂಡಕ್ಕೆ ಚುಚ್ಚುವ ದೀರ್ಘಕಾಲದ ಒಮೆಪ್ರಜೋಲ್ ಇಂಜೆಕ್ಷನ್ ಕೂಡ ಕೆಲವು ದೇಶಗಳಲ್ಲಿ ಬಳಕೆಗೆ ಬಂದಿದೆ. ಜಠರದ ಆಸಿಡ್ ದಾಟುವ ತಾಪತ್ರಯವೇ ಅದಕ್ಕಿಲ್ಲ, ಮೇವಿನ ಸಮಯ ನೋಡಬೇಕಿಲ್ಲ. ಆರಂಭದ ಫಲಿತಾಂಶಗಳು ಎರಡೂ ಬಗೆಯ ಹುಣ್ಣಿಗೆ ಚೆನ್ನಾಗಿವೆ. ಚುಚ್ಚಿದ ಜಾಗ ಊದುವುದು ಅದರ ತೊಂದರೆ.

ಬರುವ ಮುಂಚೆಯೇ ದಿನಾ ಕೊಟ್ಟರೆ?

ಇಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದ ವಾದ ಹೀಗೆ: ರೇಸ್ ಕುದುರೆಯ ಜೀವನ ಬದಲಾಗುವುದಿಲ್ಲ, ಓಡಲೇಬೇಕು, ಲಾಯದಲ್ಲಿ ಇರಲೇಬೇಕು. ಹತ್ತರಲ್ಲಿ ಎಂಟಕ್ಕೆ ಹುಣ್ಣು ಬರುವುದು ಗೊತ್ತಿದ್ದೂ ಕಾಯುವುದು ಯಾಕೆ? ಸಣ್ಣ ಡೋಸ್ ಕೊಡುತ್ತಿದ್ದರೆ ನೋವಾದರೂ ತಪ್ಪುತ್ತದೆ. ದೂರದ ಪ್ರಯಾಣ, ಹೊಸ ಲಾಯ, ಸ್ಪರ್ಧೆಯ ವಾರ, ಇಂಥ ಕಡೆ ಈ ವಾದಕ್ಕೆ ಬಲವಿದೆ. ತಡೆಯ ಡೋಸ್ ಕೆಲಸ ಮಾಡುತ್ತದೆ ಎನ್ನಲು ಪುರಾವೆಯೂ ಇದೆ.

ಇನ್ನೊಂದು ಪಕ್ಷ ಮೂರು ಆಕ್ಷೇಪಗಳನ್ನು ಇಡುತ್ತದೆ. ನನಗೆ ಇವೇ ಹೆಚ್ಚು ತೂಕದ್ದಾಗಿ ಕಾಣುತ್ತವೆ.

ಮೊದಲನೆಯದು ನಿಲ್ಲಿಸಿದಾಗ ಆಗುವ ತಿರುಗೇಟು. ಆಸಿಡ್ ಕಡಿಮೆಯಾಗಿದೆ ಎಂದು ಗೊತ್ತಾದ ದೇಹ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಆಸಿಡ್ ಹುಟ್ಟಿಸು ಎಂಬ ಒತ್ತಾಯ ಒಳಗೆ ಏರುತ್ತಲೇ ಇರುತ್ತದೆ, ಔಷಧ ಅದನ್ನು ಅದುಮಿಟ್ಟಿರುತ್ತದೆ. ಔಷಧ ಒಮ್ಮೆಗೇ ನಿಲ್ಲಿಸಿದರೆ ಆಸಿಡ್ ಮೊದಲಿಗಿಂತ ಜೋರಾಗಿ ಬರಬಹುದು. ಒಮೆಪ್ರಜೋಲ್ ನಿಲ್ಲಿಸಿದ ಕೆಲವೇ ದಿನಗಳಲ್ಲಿ ರೇಸ್ ಕುದುರೆಗಳಲ್ಲಿ ಮೇಲಿನ ಹುಣ್ಣು ಮರಳಿದ್ದನ್ನು ಸಂಶೋಧಕರು ನೋಡಿದ್ದಾರೆ.

ಎರಡನೆಯದು ಕರುಳಿನದು. ಮರಿಗಳಲ್ಲಿ ಇದು ಸ್ಪಷ್ಟ. ತೀವ್ರ ನಿಗಾ ಘಟಕದಲ್ಲಿದ್ದ ಎಳೆ ಮರಿಗಳಿಗೆ ಹುಣ್ಣು ಬಾರದಿರಲಿ ಎಂದು ಆಸಿಡ್ ಇಳಿಸುವ ಔಷಧ ಕೊಟ್ಟಾಗ ಭೇದಿಯ ಅಪಾಯ ಹೆಚ್ಚಿತ್ತು ಎಂದು 2012ರ ಅಧ್ಯಯನ ತೋರಿಸಿತು. ಆಸಿಡ್ ಇರುವುದು ಸುಮ್ನೆ ಅಲ್ಲ, ಬಾಯಿಯಿಂದ ಬರುವ ಸೂಕ್ಷ್ಮಜೀವಿಗಳಿಗೆ ಅದೇ ಮೊದಲ ತಡೆಗೋಡೆ. ದೊಡ್ಡ ಕುದುರೆಗಳಲ್ಲಿ ಬ್ಯೂಟ್ ಎಂದು ಕರೆಯುವ ನೋವಿನ ಔಷಧ ಫೀನೈಲ್‌ಬ್ಯೂಟಜೋನ್ ಜೊತೆ ಒಮೆಪ್ರಜೋಲ್ ಕೊಟ್ಟ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಜಠರದ ಹುಣ್ಣು ಕಡಿಮೆಯಾಯಿತು, ಆದರೆ ಎರಡನ್ನೂ ಪಡೆದ ಗುಂಪಿನಲ್ಲಿ ಕರುಳಿನ ತೊಂದರೆಗಳು ಹೆಚ್ಚಾದವು. ‘ಬ್ಯೂಟ್ ಕೊಡ್ತಾ ಇದ್ದೀವಿ, ಹೊಟ್ಟೆಗೆ ಒಂದು ಒಮೆಪ್ರಜೋಲ್ ಇರಲಿ’ ಎಂಬ ಮಾಮೂಲಿ ಅಭ್ಯಾಸಕ್ಕೆ ಇದು ನೇರ ಪ್ರಶ್ನೆ.

ಮೂರನೆಯದು ಮೂಳೆ. ಆಸಿಡ್ ಕಡಿಮೆಯಾದರೆ ಸುಣ್ಣಕಲ್ಲಿನ ರೂಪದ ಕ್ಯಾಲ್ಸಿಯಂ ಜೀರ್ಣವಾಗುವುದು ಕುಗ್ಗುತ್ತದೆ. ಇದರಿಂದ ಓಟದ ಕುದುರೆಗಳ ಮೂಳೆ ಮುರಿಯುತ್ತದೆ ಎಂದು ಸಾಬೀತಾಗಿಲ್ಲ, ಹಾಗೆ ಹೇಳಿ ಹೆದರಿಸುವುದು ಸರಿಯಲ್ಲ. ಆದರೆ ಬೆಳೆಯುತ್ತಿರುವ ಎರಡು ವರ್ಷದ ಕುದುರೆಗೆ ತಿಂಗಳುಗಟ್ಟಲೆ ಕೊಡುವ ಮುಂಚೆ ಯೋಚಿಸಲು ಇಷ್ಟು ಸಾಕು.

ಓಟದ ದಿನದ ನಿಯಮ

ರೇಸಿಂಗ್ ನಿಯಮಗಳು ಈ ವಿಚಾರದಲ್ಲಿ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಅಂತರರಾಷ್ಟ್ರೀಯ ರೇಸಿಂಗ್ ಒಕ್ಕೂಟದ 6ನೇ ವಿಧಿ ಜೀರ್ಣಾಂಗದ ಮೇಲೆ ಪರಿಣಾಮ ಬೀರುವ ವಸ್ತುಗಳನ್ನೂ ಓಟದ ದಿನದ ನಿಷಿದ್ಧ ಪಟ್ಟಿಗೆ ಸೇರಿಸುತ್ತದೆ. ಅಮೆರಿಕದಲ್ಲಿ 2023ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ನಿಯಮ ಓಟಕ್ಕೆ 24 ಗಂಟೆ ಮುಂಚಿನವರೆಗೆ ಹುಣ್ಣಿನ ಔಷಧಕ್ಕೆ ಅವಕಾಶ ಕೊಡುತ್ತದೆ. ಜಂಪಿಂಗ್, ಡ್ರೆಸಾಜ್ ಸ್ಪರ್ಧೆ ನಡೆಸುವ ಎಫ್‌ಇಐ ಒಮೆಪ್ರಜೋಲ್ ಅನ್ನು ನಿಷೇಧಿಸಿಲ್ಲ.

ಕಟ್ಟುನಿಟ್ಟಿನ ನಿಯಮ ಇರುವಲ್ಲಿ ಏನಾಗುತ್ತದೆ? ಓಟಕ್ಕೆ ಕೆಲವು ದಿನ ಮುಂಚೆ ಔಷಧ ನಿಲ್ಲುತ್ತದೆ. ಮೇಲೆ ಹೇಳಿದ ತಿರುಗೇಟು ಸರಿಯಾಗಿ ಆ ದಿನಗಳಲ್ಲೇ ಬರುತ್ತದೆ. ಪ್ರಯಾಣ, ಒತ್ತಡ, ಖಾಲಿ ಹೊಟ್ಟೆ ಎಲ್ಲ ಜೊತೆಗೂಡಿರುವ ಹೊತ್ತು ಅದು. ವರ್ಷವಿಡೀ ಔಷಧ ಕೊಟ್ಟೂ ಅತಿ ಬೇಕಾದ ದಿನ ಕುದುರೆಗೆ ರಕ್ಷಣೆ ಇರುವುದಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಕುದುರೆ ಓಡಿಸುವವರು ಇಂಟರ್ನೆಟ್ಟಿನಲ್ಲಿ ಕಂಡ ಅಮೆರಿಕದ 24 ಗಂಟೆ ಲೆಕ್ಕ ನಂಬಿಕೊಳ್ಳದೆ, ತಮ್ಮ ಕ್ಲಬ್‌ನ ವೈದ್ಯಾಧಿಕಾರಿಯನ್ನೇ ಕೇಳಬೇಕು.

ಅಡುಗೆ ಸೋಡಾ ಕೊಡುವವರಿಗೂ ಒಂದು ಮಾತು. ಆಸಿಡ್ ಸಮ ಮಾಡುವ ಇಂಥ ಪುಡಿಗಳ ಪರಿಣಾಮ ಒಂದೆರಡು ಗಂಟೆಯಷ್ಟೇ. ಜೊತೆಗೆ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್‌ನ ಮಟ್ಟ ಮಿತಿ ದಾಟಿದರೆ ಅದು ಡೋಪಿಂಗ್ ಎಂದೇ ದಾಖಲಾಗುತ್ತದೆ. ಸೋಡಾ ಕುಡಿಸಿ ಸುಸ್ತು ತಡೆಯುವ ಹಳೆಯ ಚಾಳಿಯಿಂದಾಗಿ ಬಂದ ನಿಯಮ ಇದು.

ಔಷಧದ ಜೊತೆ ಮೇವು ಬದಲಾಗದಿದ್ದರೆ

ಕುದುರೆ ಆರು ಗಂಟೆಗಿಂತ ಹೆಚ್ಚು ಹೊತ್ತು ಹುಲ್ಲಿಲ್ಲದೆ ನಿಂತರೆ ಹುಣ್ಣಿನ ಅಪಾಯ ಏರುತ್ತದೆ. ಸಂಜೆ ಏಳಕ್ಕೆ ಕೊನೆಯ ಮೇವು ಹಾಕಿ ಬೆಳಗಿನ ಐದಕ್ಕೆ ಟ್ರ್ಯಾಕಿಗೆ ಕರೆದೊಯ್ದರೆ ಮಧ್ಯೆ ಹತ್ತು ಗಂಟೆ. ತೂಕದ ನೂರಕ್ಕೆ ಒಂದೂವರೆ ಭಾಗದಷ್ಟಾದರೂ ಒಣ ಮೇವು ದಿನಕ್ಕೆ ಬೇಕು, 450 ಕಿಲೋ ಕುದುರೆಗೆ ಸುಮಾರು ಏಳು ಕಿಲೋ. ಪಿಷ್ಟ ದಿನಕ್ಕೆ ಕಿಲೋ ತೂಕಕ್ಕೆ 2 ಗ್ರಾಂ ದಾಟಬಾರದು, ಅಂದರೆ 900 ಗ್ರಾಂ. ಓಟ್ಸ್‌ನಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಭಾಗ ಪಿಷ್ಟವೇ ಇರುತ್ತದೆ. ಎರಡು ಕಿಲೋ ಹಾಕುವಷ್ಟರಲ್ಲಿ ಮಿತಿ ಮುಗಿಯಿತು. ಓಟದ ಕುದುರೆಗೆ ಅದಕ್ಕಿಂತ ಎಷ್ಟೋ ಜಾಸ್ತಿ ಹಾಕುವ ಲಾಯಗಳೇ ಹೆಚ್ಚು.

ನಮ್ಮಲ್ಲಿ ಕುದುರೆ ಮಸಾಲೆ ಎಂದು ಕರೆಯುವ ಲೂಸರ್ನ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಆಸಿಡ್ ಅನ್ನು ಸಮ ಮಾಡುತ್ತವೆ. ಓಡಿಸುವ ಅರ್ಧ ಗಂಟೆ ಮುಂಚೆ ಒಂದೆರಡು ಹಿಡಿ ಕತ್ತರಿಸಿದ ಕುದುರೆ ಮಸಾಲೆ ತಿನ್ನಿಸಿದರೆ ಹೊಟ್ಟೆಯಲ್ಲಿ ನಾರಿನ ಪದರ ನಿಲ್ಲುತ್ತದೆ. ಖಾಲಿ ಹೊಟ್ಟೆಯಲ್ಲಿ ಕುದುರೆ ಹಗುರವಾಗಿ ಓಡುತ್ತದೆ ಎಂಬ ನಂಬಿಕೆಗಿಂತ ಇದು ಮೇಲು. ಕೆಳಗಿನ ಹುಣ್ಣಿರುವ ಕುದುರೆಗೆ ವಾರದಲ್ಲಿ ಎರಡು ದಿನ ಪೂರ್ತಿ ರಜೆ ಕೊಡುವುದನ್ನೂ ತಜ್ಞರು ಹೇಳುತ್ತಾರೆ. ಟಾಂಗಾ ಎಳೆಯುವ ಕುದುರೆಗೆ ರಜೆ ಎಂದರೆ ಸಾಕಿದವನಿಗೆ ಅವತ್ತಿನ ದುಡಿಮೆ ಇಲ್ಲ. ಇಂಥ ಸಲಹೆಗಳು ರೇಸ್ ಲಾಯಕ್ಕೆ ಒಪ್ಪುವಷ್ಟು ಸುಲಭವಾಗಿ ಅಲ್ಲಿಗೆ ಒಪ್ಪುವುದಿಲ್ಲ. ಅಲ್ಲಿ ಮಧ್ಯಾಹ್ನ ಸವಾರಿಗೆ ಕಾಯುವ ಹೊತ್ತಿನಲ್ಲಿ ಮುಂದೆ ಒಂದು ಹುಲ್ಲಿನ ಚೀಲ ತೂಗುಹಾಕುವುದೇ ಆಗಬಹುದಾದ ದೊಡ್ಡ ಬದಲಾವಣೆ.

ಮುಂದೇನಾಗಬಹುದು

ರಾನಿಟಿಡಿನ್ ಮೇಲಿನ ನಿಗಾ ಬಿಗಿಯಾದಂತೆ ತಯಾರಕರು ಕಡಿಮೆಯಾಗಬಹುದು, ಲಾಯಗಳು ಒಮೆಪ್ರಜೋಲ್ ಕಡೆ ತಿರುಗುತ್ತವೆ. ಬೆಲೆ ತಾಳದವರು ಮನುಷ್ಯರ ಕ್ಯಾಪ್ಸೂಲ್‌ಗೋ, ಹೆಸರಿಲ್ಲದ ದ್ರಾವಣಕ್ಕೋ ಹೋಗುತ್ತಾರೆ. ಅವು ಅರ್ಧಂಬರ್ಧ ಕೆಲಸ ಮಾಡಿದಾಗ ದೂರು ಬರುವುದು ಒಮೆಪ್ರಜೋಲ್ ಮೇಲೆ. ಆಗ ಡೋಸ್ ಏರಿಸುತ್ತಾರೆ, ತಿಂಗಳು ಎರಡಾಗುತ್ತದೆ, ನಿಲ್ಲಿಸಿದರೆ ಹುಣ್ಣು ಮರಳುತ್ತದೆ, ಮತ್ತೆ ಶುರು.

ಈ ಸುತ್ತಿನಿಂದ ಹೊರಬರಲು ಎಂಡೋಸ್ಕೋಪಿಯ ಖರ್ಚು ದೊಡ್ಡದಲ್ಲ. ಒಂದು ತಿಂಗಳ ಪೇಸ್ಟ್‌ಗೆ ದುಡ್ಡು ಹಾಕುವವರು ಶುರುವಿನಲ್ಲಿ ಒಮ್ಮೆ, 28ನೇ ದಿನ ಇನ್ನೊಮ್ಮೆ ಒಳಗೆ ನೋಡಿಸುವುದು ಲೆಕ್ಕಕ್ಕೆ ಬರುವ ಮಾತು. ಮೇಲಿನದು, ಕೆಳಗಿನದು ಎರಡೂ ಮಾಯ್ದಿದ್ದರೆ ಡೋಸ್ ಇಳಿಸುತ್ತಾ ನಿಲ್ಲಿಸಬಹುದು. ಮೇಲಿನದು ಮಾಯ್ದು ಕೆಳಗಿನದು ಹಾಗೇ ಇದ್ದರೆ ಅದೇ ಪೇಸ್ಟ್ ಇನ್ನೊಂದು ತಿಂಗಳು ಎಳೆಯಲು ಕಾರಣವಿಲ್ಲ, ಔಷಧ ಬದಲಿಸಬೇಕು. ಎರಡೂ ಮಾಯದಿದ್ದರೆ ಕೊಟ್ಟದ್ದು ಯಾವ ತಯಾರಿಕೆ, ಎಷ್ಟು ಗಂಟೆಗೆ, ಯಾವುದರ ಜೊತೆ ಎಂದು ಪಶುವೈದ್ಯರು ಮೊದಲು ಸೈಸ್‌ನನ್ನೇ ಕೇಳುತ್ತಾರೆ.